ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಗಾಡಿಯಲ್ಲಿ ಸರಕು ಹೇರಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ವರ್ತಕನಿಗೆ ಸುಂಕದ ಕಟ್ಟೆಯಲ್ಲಿ ಕುಳಿತವನೊಡನೆ ವಾದಕ್ಕೆ ಅವಕಾಶವಿರಲಿಲ್ಲ. ಕೇಳಿದಷ್ಟು ತೆರಬೇಕು, ಇಲ್ಲವೇ ಗಾಡಿಯನ್ನು ಹಿಂದಕ್ಕೆ ಹೊಡೆಯಬೇಕು. ಮಳೆ ಬಂದು ಸರಕು ನೆನೆಯಿತೆಂದೋ, ಸಂತೆಯಲ್ಲಿ ಧಾರಣೆ ಬಿದ್ದಿತೆಂದೋ ಗೋಳಾಡಿದರೆ ಕಟ್ಟೆಯವನ ಕಿವಿ ತೆರೆಯುತ್ತಿರಲಿಲ್ಲ. ಆ ಅನುಭವವೇ ಗಾದೆಯಾಗಿ ನಿಂತಿತು.

ಇಂದು ನಾನು ಹೇಳಹೊರಟಿರುವುದು ಆ ಗಾದೆಗೆ ಅಪವಾದವೆಂಬಂತೆ ನಡೆದ ಒಂದು ಚರಿತ್ರೆಯನ್ನು. ಅದು ನಡೆದದ್ದು ಯೂರೋಪಿನಲ್ಲಿ. ಅದರ ಪಾತ್ರಧಾರಿಗಳು ರಾಜರಲ್ಲ, ಸೇನಾಪತಿಗಳಲ್ಲ. ನೆರೆಯ ದೇಶದಿಂದ ಒಂದು ಕಾರನ್ನು ತಂದು, ಅದನ್ನು ತಮ್ಮ ಊರಿನಲ್ಲಿ ಓಡಿಸಲು ಸರಕಾರ ಕೇಳಿದ ತೆರಿಗೆ ಅನ್ಯಾಯವೆಂದು ನ್ಯಾಯಾಲಯದ ಮೆಟ್ಟಿಲೇರಿದ ಸಾಧಾರಣ ಗೃಹಸ್ಥರು. ಕಾರಿನ ತೆರಿಗೆ ಉಳ್ಳವರ ತೊಂದರೆ, ಅದಕ್ಕೇನು ಚರಿತ್ರೆ ಎಂದು ಕೆಲವರಿಗೆ ಅನಿಸಬಹುದು. ಆದರೆ ತೆರಿಗೆಯ ವಿಷಯದಲ್ಲಿ ಪ್ರಜೆಯು ಪ್ರಭುತ್ವವನ್ನು ಯಾವ ಆಧಾರದ ಮೇಲೆ ಪ್ರಶ್ನಿಸಬಹುದು, ಯಾವ ಆಧಾರದ ಮೇಲೆ ಪ್ರಶ್ನಿಸಲಾಗದು ಎಂಬ ದೊಡ್ಡ ವಿಚಾರವೊಂದು ಈ ಚಿಕ್ಕ ವ್ಯಾಜ್ಯಗಳಲ್ಲಿ ಅಡಗಿದೆ.

1957ರ ಮಾರ್ಚ್ 25ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಎಂಬ ಆರು ದೇಶಗಳು ರೋಮ್ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಎರಡು ಮಹಾಯುದ್ಧಗಳಲ್ಲಿ ಪರಸ್ಪರರ ನೆತ್ತರು ಹರಿಸಿದ ನಾಡುಗಳು ಇನ್ನು ಮುಂದೆ ಒಂದೇ ಮಾರುಕಟ್ಟೆಯಾಗಿ ಬಾಳಬೇಕೆಂಬುದು ಅದರ ಆಶಯ. 1968ರ ಜುಲೈ 1ರ ಹೊತ್ತಿಗೆ ಈ ದೇಶಗಳ ನಡುವಣ ಗಡಿಸುಂಕಗಳು ಪೂರ್ಣವಾಗಿ ತೊಲಗಿದವು. ಆದರೆ ಒಪ್ಪಂದವನ್ನು ಬರೆದವರು ಲೋಕವ್ಯವಹಾರ ಬಲ್ಲವರು. ಗಡಿಯಲ್ಲಿ ಬಿಟ್ಟುಕೊಟ್ಟ ಸುಂಕವನ್ನು ಸರಕಾರಗಳು ಮನೆಯೊಳಗೆ ಬೇರೊಂದು ಹೆಸರಿನಲ್ಲಿ ವಸೂಲು ಮಾಡಿಯಾವೆಂದು ಅವರಿಗೆ ತಿಳಿದಿತ್ತು. ಆದುದರಿಂದ 95ನೆಯ ವಿಧಿಯನ್ನು ಸೇರಿಸಿದರು. ಒಂದು ಸದಸ್ಯ ರಾಷ್ಟ್ರವು ತನ್ನ ದೇಶದ ಪದಾರ್ಥದ ಮೇಲೆ ಎಷ್ಟು ತೆರಿಗೆ ಹಾಕುವುದೋ, ಅದೇ ಬಗೆಯ ನೆರೆದೇಶದ ಪದಾರ್ಥದ ಮೇಲೆ ಅದಕ್ಕಿಂತ ಹೆಚ್ಚು ಹಾಕಕೂಡದು. ಸ್ವದೇಶದ ಸರಕಿಗೆ ಪರೋಕ್ಷ ರಕ್ಷಣೆಯಾಗುವಂಥ ತೆರಿಗೆಯನ್ನೂ ಹಾಕಕೂಡದು ಎಂಬುದು ಅದರ ತಾತ್ಪರ್ಯ. ಮುಂದೆ ಒಪ್ಪಂದಗಳು ತಿದ್ದುಪಡಿಯಾದಂತೆ ಈ ವಿಧಿಯ ಸಂಖ್ಯೆ 90 ಆಯಿತು, ಬಳಿಕ 110 ಆಯಿತು. ಮಾತು ಮಾತ್ರ ಹಾಗೆಯೇ ಉಳಿಯಿತು.

ದೇಶಗಳ ನಡುವಣ ಒಪ್ಪಂದ ದೇಶಗಳಿಗೆ ಸಂಬಂಧಿಸಿದ್ದು. ಅದನ್ನು ಹಿಡಿದು ಸಾಮಾನ್ಯ ಮನುಷ್ಯ ನ್ಯಾಯ ಕೇಳಬಹುದೇ? ಹಳೆಯ ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಉತ್ತರ ಸಾಮಾನ್ಯವಾಗಿ ‘ಇಲ್ಲ’ ಎಂದೇ. 1963ರ ಫೆಬ್ರವರಿ 5ರಂದು ಲಕ್ಸೆಂಬರ್ಗಿನಲ್ಲಿರುವ ಯೂರೋಪಿಯನ್ ನ್ಯಾಯಾಲಯವು ಈ ಉತ್ತರವನ್ನು ಬದಲಾಯಿಸಿತು. ಪಶ್ಚಿಮ ಜರ್ಮನಿಯಿಂದ ಒಂದು ರಾಸಾಯನಿಕವನ್ನು ತರಿಸಿದ ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಕಂಪನಿ, ಶೇಕಡಾ 3ರಷ್ಟಿದ್ದ ಸುಂಕ ಶೇಕಡಾ 8ಕ್ಕೆ ಏರಿದ್ದನ್ನು ಪ್ರಶ್ನಿಸಿತ್ತು. ಈ ಒಪ್ಪಂದ ಸರಕಾರಗಳಿಗೆ ಮಾತ್ರವಲ್ಲದೆ ಪ್ರಜೆಗಳಿಗೂ ಹಕ್ಕುಗಳನ್ನು ಕೊಟ್ಟಿದೆ, ಆ ಹಕ್ಕುಗಳನ್ನು ಪ್ರತಿಯೊಂದು ದೇಶದ ನ್ಯಾಯಾಧೀಶರೂ ಕಾಪಾಡಬೇಕು ಎಂದು ನ್ಯಾಯಾಲಯ ಸಾರಿತು. 1966ರಲ್ಲಿ, ಹಾಲಿನ ಪುಡಿಯ ಮೇಲಿನ ತೆರಿಗೆಯ ವ್ಯಾಜ್ಯವೊಂದರಲ್ಲಿ, 95ನೆಯ ವಿಧಿಗೂ ಈ ಮಾತು ಅನ್ವಯಿಸುವುದೆಂದು ತೀರ್ಮಾನವಾಯಿತು. ಕೆಳಗಿನ ನ್ಯಾಯಾಲಯದ ನ್ಯಾಯಾಧೀಶನೂ ತನಗೆ ಸಂದೇಹ ಬಂದಾಗ ಲಕ್ಸೆಂಬರ್ಗಿಗೆ ಪ್ರಶ್ನೆ ಬರೆದು ಕಳುಹಿಸಿ ಉತ್ತರ ಪಡೆಯಬಹುದೆಂಬ ಏರ್ಪಾಡು ಒಪ್ಪಂದದಲ್ಲಿಯೇ ಇತ್ತು. ಗೃಹಸ್ಥನೊಬ್ಬನ ದೂರು ಜಿಲ್ಲಾ ಪಟ್ಟಣವೊಂದರಿಂದ ನೇರವಾಗಿ ಮಹಾನ್ಯಾಯಾಲಯಕ್ಕೆ ಹೋಗಲು ಹೀಗೆ ದಾರಿಯಾಯಿತು.

ಸರಕುಗಳಲ್ಲಿ ಕಾರಿನ ಸ್ವಭಾವವೇ ಬೇರೆ. ಬಟ್ಟೆಯನ್ನು ಕೊಂಡವನು ಉಡುತ್ತಾನೆ, ಧಾನ್ಯವನ್ನು ಕೊಂಡವನು ಉಣ್ಣುತ್ತಾನೆ. ಸರಕಾರದ ಅಪ್ಪಣೆ ಬೇಕಿಲ್ಲ. ಕಾರು ಹಾಗಲ್ಲ. ನೋಂದಣಿಯಾಗಿ ಸಂಖ್ಯೆಯ ಫಲಕ ಬರುವ ತನಕ ಅದು ಬೀದಿಗಿಳಿಯುವಂತಿಲ್ಲ. ಗಡಿಯ ಕಟ್ಟೆ ಮಾಯವಾದರೂ ನೋಂದಣಿ ಕಚೇರಿಯ ಕಿಟಕಿ ಸರಕಾರದ ಕೈಯಲ್ಲಿ ಉಳಿದಿತ್ತು. ಅದಲ್ಲದೆ ಕಾರುಗಳನ್ನು ತಯಾರಿಸುವ ದೇಶಗಳಿಗೆ ತಮ್ಮ ಕಾರ್ಖಾನೆಗಳ ಮೇಲೆ ಅಭಿಮಾನ. ತಯಾರಿಸದ ದೇಶಗಳಿಗೆ ಹೊರಗೆ ಹರಿದುಹೋಗುವ ಹಣದ ಚಿಂತೆ. ಈ ಎರಡು ಭಾವಗಳೂ ತೆರಿಗೆಯ ಪಟ್ಟಿಗಳಲ್ಲಿ ಸದ್ದಿಲ್ಲದೆ ಕುಳಿತುಕೊಂಡವು.

ಫ್ರಾನ್ಸಿನ ಉದಾಹರಣೆಯನ್ನು ಮೊದಲು ನೋಡೋಣ. ಅಲ್ಲಿ ವಿವಾದವೆದ್ದದ್ದು ನೋಂದಣಿಯ ಕಾಲದ ತೆರಿಗೆಯ ಮೇಲಲ್ಲ, ವರ್ಷವರ್ಷವೂ ತೆರಬೇಕಾದ ತೆರಿಗೆಯ ಮೇಲೆ. ಆದರೆ ಮುಂದಿನ ಎಲ್ಲ ವ್ಯಾಜ್ಯಗಳಿಗೂ ಅದು ಅಡಿಪಾಯವಾಯಿತು. ವೃದ್ಧರ ನೆರವಿನ ನಿಧಿಗೆಂದು 1956ರಲ್ಲಿ ಕಾರುಗಳ ಮೇಲೆ ಒಂದು ವಾರ್ಷಿಕ ತೆರಿಗೆ ಬಂದಿತ್ತು. ಇಂಜಿನ್ನಿನ ಗಾತ್ರ ಮೊದಲಾದವುಗಳಿಂದ ಲೆಕ್ಕ ಹಾಕಿದ ‘ತೆರಿಗೆಯ ಅಶ್ವಶಕ್ತಿ’ ಏರಿದಂತೆ ತೆರಿಗೆಯೂ ಮೆಟ್ಟಲು ಮೆಟ್ಟಲಾಗಿ ಏರುತ್ತಿತ್ತು. 16 ಅಶ್ವಶಕ್ತಿಯ ವರೆಗೆ ಈ ಮೆಟ್ಟಲುಗಳು; ಅದರಾಚೆ ಒಂದೇ ವಿಶೇಷ ತೆರಿಗೆ. 1981ರಲ್ಲಿ ಕೊನೆಯ ಮೆಟ್ಟಲಿನ ತೆರಿಗೆ 1,100 ಫ್ರಾಂಕ್. ವಿಶೇಷ ತೆರಿಗೆ 5,000 ಫ್ರಾಂಕ್. ಕಾನೂನಿನಲ್ಲಿ ಪರದೇಶದ ಕಾರು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಆದರೆ 16 ಅಶ್ವಶಕ್ತಿಯನ್ನು ಮೀರಿದ ಕಾರನ್ನು ಫ್ರಾನ್ಸಿನಲ್ಲಿ ಯಾರೂ ತಯಾರಿಸುತ್ತಿರಲಿಲ್ಲ! ಎಲ್ಲರಿಗೂ ಸಮಾನವಾಗಿ ಹಾಕಿದ ಗೆರೆ ಪರದೇಶದ ಕಾರುಗಳನ್ನು ಮಾತ್ರ ಆಚೆಗೆ ನಿಲ್ಲಿಸುತ್ತಿತ್ತು.

1981ರಲ್ಲಿ 36 ಅಶ್ವಶಕ್ತಿಯ ಕಾರು ಕೊಂಡ ಒಬ್ಬ ಫ್ರೆಂಚ್ ಗೃಹಸ್ಥನಿಂದ ಆ 5,000 ಫ್ರಾಂಕ್ ವಸೂಲಾಯಿತು. ಆತ ತೆರಿಗೆಯನ್ನೇ ಕೊಡುವುದಿಲ್ಲವೆನ್ನಲಿಲ್ಲ. ತನ್ನ ದೇಶದ ಅತಿ ಬಲಿಷ್ಠ ಕಾರಿಗೆ ವಿಧಿಸುವ 1,100 ಫ್ರಾಂಕ್ ಕಳೆದು ಮಿಕ್ಕದ್ದನ್ನು ಹಿಂದಕ್ಕೆ ಕೊಡಿ ಎಂದು ಕೇಳಿದ. ಆತನ ದಾವೆಯನ್ನು ಕೇಳಿದ್ದು ಪೂರ್ವ ಫ್ರಾನ್ಸಿನ ಬೆಲ್ಫೋರ್ ಪಟ್ಟಣದ ನ್ಯಾಯಾಲಯ. ಪ್ಯೂಜೋ ಕಾರುಗಳ ಹೆಸರಾಂತ ಕಾರ್ಖಾನೆಯಿರುವ ಸೊಶೋ ಅಲ್ಲಿಗೆ ದೂರವಲ್ಲ. ಆ ನ್ಯಾಯಾಲಯ ಲಕ್ಸೆಂಬರ್ಗಿಗೆ ಪ್ರಶ್ನೆ ಬರೆಯಿತು. 1985ರ ಮೇ 9ರಂದು ಬಂದ ಉತ್ತರ ಸ್ಪಷ್ಟವಾಗಿತ್ತು. ಅಶ್ವಶಕ್ತಿಯಂಥ ವಸ್ತುನಿಷ್ಠ ಅಳತೆಯನ್ನು ಹಿಡಿದು ಏರುವ ತೆರಿಗೆ ಹಾಕಲು ರಾಷ್ಟ್ರಕ್ಕೆ ಸ್ವಾತಂತ್ರ್ಯವುಂಟು. ಆದರೆ ಆಮದಾದ ಕಾರುಗಳೇ ಆ ವಿಶೇಷ ತೆರಿಗೆಗೆ ಸಿಕ್ಕಿಬೀಳುವಂತೆ, ಸ್ವದೇಶದ ಕಾರುಗಳೆಲ್ಲ ಹಗುರವಾದ ತೆರಿಗೆಯಲ್ಲಿ ಉಳಿಯುವಂತೆ ಗೆರೆ ಎಳೆದರೆ ಅದು ಪಕ್ಷಪಾತ ಎಂದು ನ್ಯಾಯಾಲಯ ಹೇಳಿತು. ಕಾನೂನಿನ ಮಾತು ನಿಷ್ಪಕ್ಷಪಾತವಾಗಿದ್ದರೆ ಸಾಲದು, ಅದರ ಫಲವೂ ನಿಷ್ಪಕ್ಷಪಾತವಾಗಿರಬೇಕೆಂಬುದು ಈ ತೀರ್ಪಿನ ಸಾರ.

ಫ್ರಾನ್ಸ್ ಕೂಡಲೇ ಕಾನೂನು ತಿದ್ದಿತು. ಒಂದು ದೊಡ್ಡ ಜಿಗಿತವಿದ್ದಲ್ಲಿ ಹಲವು ಹೊಸ ಮೆಟ್ಟಲುಗಳನ್ನು ಕಟ್ಟಿತು. ಆದರೆ ಆ ಮೆಟ್ಟಲುಗಳನ್ನು ಕಟ್ಟಿದ ಬಗೆಯಲ್ಲಿಯೂ ಪರದೇಶದ ಕಾರೇ ಹೆಚ್ಚು ಏರಬೇಕಾಗಿತ್ತು. 1987ರ ಸೆಪ್ಟೆಂಬರ್ 17ರಂದು ಇನ್ನೊಬ್ಬ ಗೃಹಸ್ಥನ ವ್ಯಾಜ್ಯದಲ್ಲಿ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. ಒಮ್ಮೆ ಸೋತ ಸರಕಾರ ಅದೇ ಕೆಲಸವನ್ನು ಬೇರೆ ರೂಪದಲ್ಲಿ ಮಾಡುವುದು, ಮತ್ತೊಬ್ಬ ಪ್ರಜೆ ಮತ್ತೆ ಮೊದಲಿನಿಂದ ದಾವೆ ಹೂಡುವುದು—ಈ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ.

ಹೊಸ ಕಾರಿನ ವಿಷಯ ಹೀಗಾದರೆ ಹಳೆಯ ಕಾರಿನದು ಇನ್ನೂ ಸೂಕ್ಷ್ಮ. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕಾಗಿದೆ, ಕೇಳುಗರು ಕ್ಷಮಿಸಬೇಕು. ಒಂದು ದೇಶದಲ್ಲಿ ಹೊಸ ಕಾರಿನ ಮೂಲ ಬೆಲೆ 1 ಲಕ್ಷ, ನೋಂದಣಿ ತೆರಿಗೆಯೂ 1 ಲಕ್ಷ ಎಂದಿಟ್ಟುಕೊಳ್ಳೋಣ. ಕೊಂಡವನಿಗೆ ಬಿದ್ದದ್ದು 2 ಲಕ್ಷ. ಕೆಲವು ವರ್ಷಗಳಲ್ಲಿ ಕಾರಿನ ಬೆಲೆ ಅರ್ಧಕ್ಕಿಳಿದು ಅದು 1 ಲಕ್ಷಕ್ಕೆ ಮಾರಾಟವಾಗುತ್ತದೆ. ಈ 1 ಲಕ್ಷದಲ್ಲಿ 50 ಸಾವಿರ ಕಾರಿನದು, ಇನ್ನು 50 ಸಾವಿರ ಹಿಂದೆ ಕೊಟ್ಟ ತೆರಿಗೆಯಲ್ಲಿ ಸವೆದು ಉಳಿದ ಪಾಲು. ಕಾರಿನೊಡನೆ ತೆರಿಗೆಯೂ ಹಳತಾಗುತ್ತದೆಂಬುದು ಇದರ ಅರ್ಥ. ಅಷ್ಟೇ ಹಳೆಯ, ಅಂಥದೇ ಕಾರನ್ನು ಒಬ್ಬಾತ ನೆರೆದೇಶದಿಂದ 50 ಸಾವಿರಕ್ಕೆ ತಂದರೆ ಅವನಿಂದ ನ್ಯಾಯವಾಗಿ ಕೇಳಬಹುದಾದ ತೆರಿಗೆ 50 ಸಾವಿರ. ಸರಕಾರವು ಹೊಸ ಕಾರಿನ ಬೆಲೆಯ ಶೇಕಡಾ 90ನ್ನು ಆಧಾರವಾಗಿ ಹಿಡಿದು 90 ಸಾವಿರ ಕೇಳಿದರೆ ಅವನ ಕಾರು 1 ಲಕ್ಷದ 40 ಸಾವಿರಕ್ಕೆ ನಿಲ್ಲುತ್ತದೆ. ಬೀದಿಯಲ್ಲಿ ಪಕ್ಕಪಕ್ಕದಲ್ಲಿ ನಿಂತ ಎರಡು ಸಮಾನ ಕಾರುಗಳಲ್ಲಿ ಪರದೇಶದಿಂದ ಬಂದದ್ದು 40 ಸಾವಿರದಷ್ಟು ದುಬಾರಿಯಾಗುತ್ತದೆ.

ಇಲ್ಲಿನ ಹಣದ ಮೊತ್ತಗಳು ನನ್ನ ಕಲ್ಪನೆ. ಶೇಕಡಾ 90 ಎಂಬುದು ಕಲ್ಪನೆಯಲ್ಲ. 1973ರಲ್ಲಿ ಯೂರೋಪಿಯನ್ ಸಮುದಾಯವನ್ನು ಸೇರಿದ ಡೆನ್ಮಾರ್ಕ್ ಆರು ತಿಂಗಳಿಗಿಂತ ಹಳೆಯ ಆಮದು ಕಾರುಗಳಿಗೆ ಹೀಗೆಯೇ ಲೆಕ್ಕ ಹಾಕುತ್ತಿತ್ತು. ಸಮುದಾಯದ ಆಯೋಗವೇ ಅದರ ಮೇಲೆ ದಾವೆ ಹೂಡಿತು. ಡೆನ್ಮಾರ್ಕಿನಲ್ಲಿ ಕಾರು ತಯಾರಿಕೆಯೇ ಇಲ್ಲದಿರುವಾಗ ಸ್ವದೇಶದ ಸರಕು ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1990ರ ಡಿಸೆಂಬರ್ 11ರ ತೀರ್ಪು ಅದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಹಳೆಯ ಕಾರು ಎಲ್ಲಿ ಹುಟ್ಟಿತೆಂಬುದು ಮುಖ್ಯವಲ್ಲ. ಆ ದೇಶದಲ್ಲಿ ತೆರಿಗೆ ತೆತ್ತು ಅಲ್ಲಿನ ಸಂತೆಯಲ್ಲಿ ಮಾರಾಟಕ್ಕಿರುವ ಹಳೆಯ ಕಾರೇ ಸ್ವದೇಶದ ಸರಕು. ಅದರೊಡನೆ ಹೋಲಿಸಿದಾಗ ಭೇದ ಕಂಡರೆ ತೆರಿಗೆ ನಿಲ್ಲದು.

ಸರಕಾರಗಳು ಈ ತತ್ತ್ವವನ್ನು ಒಪ್ಪಿದಂತೆ ಮಾಡಿ ಲೆಕ್ಕದ ಪಟ್ಟಿಯಲ್ಲಿ ಬಿಗಿ ಮಾಡಿದವು. ಪೋರ್ಚುಗಲ್ಲಿನಲ್ಲಿ ಹಳೆಯ ಕಾರಿಗೆ ತೆರಿಗೆಯಲ್ಲಿ ಹೆಚ್ಚೆಂದರೆ ಶೇಕಡಾ 10ರಷ್ಟು ವಿನಾಯಿತಿಯಿತ್ತು. 1995ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅನಂತರ ಕಾರಿನ ವಯಸ್ಸನ್ನು ಮಾತ್ರ ನೋಡುವ ಪಟ್ಟಿಯೊಂದು ಬಂದಿತು. 2001ರ ಫೆಬ್ರವರಿ 22ರಂದು ಅದರ ಮೇಲೆ ಕೊಟ್ಟ ತೀರ್ಪನ್ನು ನಾನು ಈ ಸರಣಿಯಲ್ಲಿಯೇ ಅತ್ಯಂತ ಮಾನವೀಯವಾದುದೆಂದು ಎಣಿಸುತ್ತೇನೆ. ಪ್ರತಿಯೊಂದು ಕಾರನ್ನೂ ಪರೀಕ್ಷಿಸಿ ಬೆಲೆ ಕಟ್ಟುವುದು ಕಷ್ಟವಾದುದರಿಂದ ಸರಕಾರ ಪಟ್ಟಿಯನ್ನು ಇಟ್ಟುಕೊಳ್ಳಬಹುದು. ಆದರೆ ಆ ಪಟ್ಟಿಯನ್ನು ಯಾವ ಆಧಾರದಿಂದ ಮಾಡಿತೆಂಬುದನ್ನು ಜನರಿಗೆ ತಿಳಿಸಬೇಕು, ಮತ್ತು ತನ್ನ ಕಾರಿನ ನಿಜವಾದ ಬೆಲೆ ಪಟ್ಟಿಗಿಂತ ಕಡಮೆಯೆಂದು ತೋರಿಸಲು ಮಾಲೀಕನಿಗೆ ಅವಕಾಶವಿರಬೇಕು. ಕಟ್ಟೆಯವನು ಇನ್ನು ಮುಂದೆ ಗಾಡಿಯೊಳಗೆ ಇಣುಕಿ ನೋಡಲೇಬೇಕಾಯಿತು. ಮರುವರ್ಷ ಸೆಪ್ಟೆಂಬರ್ 19ರಂದು ಫಿನ್ಲೆಂಡಿನ ಪ್ರಜೆಯೊಬ್ಬ ಜರ್ಮನಿಯಿಂದ ತಂದಿದ್ದ ಹಳೆಯ ಕಾರಿನ ವ್ಯಾಜ್ಯದಲ್ಲಿಯೂ ಇದೇ ನ್ಯಾಯ ನಿಂತಿತು. 2003ರಲ್ಲಿ ಆ ದೇಶ ತನ್ನ ಕಾರು ತೆರಿಗೆಯ ಕಾನೂನನ್ನು ತಿದ್ದಿತು.

ಇಷ್ಟನ್ನು ಕೇಳಿದವರಿಗೆ, ದುಬಾರಿ ತೆರಿಗೆಯನ್ನೆಲ್ಲ ಆ ನ್ಯಾಯಾಲಯ ಇಳಿಸಿಬಿಡುತ್ತದೆಂದು ತೋರಬಹುದು. ಹಾಗಲ್ಲವೆಂಬುದನ್ನು ಮತ್ತೊಂದು ಡೆನ್ಮಾರ್ಕ್ ಪ್ರಕರಣ ತಿಳಿಸುತ್ತದೆ. ಅಲ್ಲಿ ಹೊಸ ಕಾರಿನ ಬೆಲೆಯ ಒಂದು ಮಿತಿಯ ವರೆಗೆ ಶೇಕಡಾ 105, ಅದರ ಮೇಲಿನ ಭಾಗಕ್ಕೆ ಶೇಕಡಾ 180ರಷ್ಟು ನೋಂದಣಿ ತೆರಿಗೆಯಿತ್ತು. ಕಾರು ಆಮದುಗಾರರ ಸಂಘವು ಒಂದು ಹೊಸ ಆಡಿ ಕಾರನ್ನು ಸುಮಾರು 5 ಲಕ್ಷ ಕ್ರೋನರಿಗೆ ಕೊಂಡಿತು; ಅದರಲ್ಲಿ ಸುಮಾರು 3 ಲಕ್ಷ ತೆರಿಗೆಯೇ. ಕಾರಿಗಿಂತ ತೆರಿಗೆ ಹೆಚ್ಚಾದ ಮೇಲೆ ಇದು ವ್ಯಾಪಾರಕ್ಕೆ ಹಾಕಿದ ಅಡ್ಡಗೋಡೆಯಲ್ಲವೇ ಎಂದು ಸಂಘ ವಾದಿಸಿತು. 2003ರ ಜೂನ್ 17ರಂದು ನ್ಯಾಯಾಲಯ ಒಪ್ಪಲಿಲ್ಲ. ಡೆನ್ಮಾರ್ಕಿನಲ್ಲಿ ಹೊಸ ಕಾರು ತಯಾರಾಗುವುದಿಲ್ಲ. ಹೋಲಿಕೆಗೆ ಸರಕೇ ಇಲ್ಲದ ಕಡೆ ಭೇದವೆಲ್ಲಿ ಬಂತು? ಪ್ರತಿ ವರ್ಷ ಅಲ್ಲಿ ನೋಂದಣಿಯಾಗುವ ಹೊಸ ಕಾರುಗಳ ಸಂಖ್ಯೆಯನ್ನು ನೋಡಿದರೆ ವ್ಯಾಪಾರ ನಿಂತಂತೆಯೂ ಕಾಣುವುದಿಲ್ಲ. ತೆರಿಗೆ ವಿಪರೀತವೆಂಬ ಒಂದೇ ಕಾರಣಕ್ಕೆ ಈ ವಿಧಿಯ ಮೊರೆಹೋಗುವಂತಿಲ್ಲವೆಂದು ಅರ್ಜಿ ಬಿದ್ದುಹೋಯಿತು.

ಈ ಎರಡು ಬಗೆಯ ತೀರ್ಪುಗಳನ್ನು ಜೊತೆಗಿಟ್ಟು ನೋಡಿದಾಗ ವಿಷಯ ತಿಳಿಯಾಗುತ್ತದೆ. ಭಾರವೆಂಬುದು ಒಂದು ದೂರು, ಭೇದವೆಂಬುದು ಇನ್ನೊಂದು. ಎಷ್ಟು ತೆರಿಗೆ ಎಂಬುದು ರಾಜಕೀಯದ ಮಾತು; ಅದನ್ನು ಶಾಸನಸಭೆಯಲ್ಲಿ ಜನಪ್ರತಿನಿಧಿಗಳು ತೀರ್ಮಾನಿಸಬೇಕು, ಒಪ್ಪದ ಪ್ರಜೆ ಮುಂದಿನ ಚುನಾವಣೆಯಲ್ಲಿ ಹೇಳಬೇಕು. ಯಾರಿಗೆಷ್ಟು ಎಂಬುದರಲ್ಲಿ ಅಕಾರಣವಾದ ಅಂತರ ಬಂದಾಗ ಅದು ನ್ಯಾಯದ ಮಾತು. ಅಲ್ಲಿ ನ್ಯಾಯಾಧೀಶನಿಗೆ ಕೆಲಸವುಂಟು. ಬೆಲ್ಫೋರಿನ ಗೃಹಸ್ಥ ಗೆದ್ದದ್ದು 5,000 ಫ್ರಾಂಕ್ ಬಹಳವಾಯಿತೆಂದಲ್ಲ, ತನ್ನ ದೇಶದ ಕಾರಿಗೆ 1,100 ಸಾಕಾಗಿತ್ತೆಂದು.

ಗೆದ್ದ ಮಾತ್ರಕ್ಕೆ ಹಣ ಕೈಗೆ ಬರುವುದೇ? ಈ ಪ್ರಶ್ನೆಗೆ ರುಮೇನಿಯಾದ ಕಥೆ ಉತ್ತರ ಹೇಳುತ್ತದೆ. 2007ರ ಜನವರಿ 1ರಂದು ಒಕ್ಕೂಟ ಸೇರಿದ ಆ ದೇಶಕ್ಕೆ ಪಶ್ಚಿಮದ ಹಳೆಯ ಕಾರುಗಳು ಪ್ರವಾಹದಂತೆ ಬರತೊಡಗಿದವು. ಸಿರಿವಂತ ದೇಶಗಳು ಬಳಸಿ ಬಿಟ್ಟ, ಹೊಗೆಯುಗುಳುವ ವಾಹನಗಳಿಗೆ ತನ್ನ ನೆಲ ತಿಪ್ಪೆಯಾಗಬಾರದೆಂಬ ಸರಕಾರದ ಅಳಲನ್ನು ಸುಳ್ಳೆನ್ನಲಾಗದು. ಆದರೆ ಅದೇ ಹೊಗೆಯುಗುಳುತ್ತ ದೇಶದೊಳಗೆ ಮೊದಲೇ ಓಡುತ್ತಿದ್ದ ಕಾರುಗಳಿಗೆ ಆ ತೆರಿಗೆ ತಗಲುತ್ತಿರಲಿಲ್ಲ. ಜರ್ಮನಿಯಿಂದ 1997ರ ಕಾರೊಂದನ್ನು ತಂದ ಪ್ರಜೆಯ ದೂರಿನ ಮೇಲೆ ಸಿಬಿಯು ಪಟ್ಟಣದ ನ್ಯಾಯಾಲಯ ಪ್ರಶ್ನೆ ಕಳುಹಿಸಿತು. 2011ರ ಏಪ್ರಿಲ್ 7ರಂದು ಉತ್ತರ ಬಂದಿತು: ಪರಿಸರವನ್ನು ಕಾಪಾಡುವುದು ಸರಿ, ಆದರೆ ಪರದೇಶದ ಹಳೆಯ ಕಾರನ್ನು ಕೊಳ್ಳದಂತೆ ತಡೆದು, ಅಷ್ಟೇ ಹಳೆಯದಾದ ಸ್ವದೇಶದ ಕಾರನ್ನು ಸುಮ್ಮನೆ ಬಿಡುವ ತೆರಿಗೆ ಸಲ್ಲದು, ಹೊಗೆಯೇ ಚಿಂತೆಯಾದರೆ ಓಡುವ ಎಲ್ಲ ಕಾರುಗಳ ಮೇಲೂ ವಾರ್ಷಿಕ ತೆರಿಗೆ ಹಾಕಬಹುದು.

ಸರಕಾರ ತೆರಿಗೆಯನ್ನು ಬಿಡಲಿಲ್ಲ. ಅದರ ಹೆಸರನ್ನು ಬದಲಾಯಿಸುತ್ತ ಹೋಯಿತು. 2007ರಲ್ಲಿ ವಿಶೇಷ ತೆರಿಗೆಯೆನಿಸಿದ್ದುದು 2008ರಲ್ಲಿ ಮಾಲಿನ್ಯ ತೆರಿಗೆಯಾಗಿತ್ತು. 2012ರಲ್ಲಿ ಹೊಗೆಯ ತೆರಿಗೆಯಾಯಿತು, 2013ರಲ್ಲಿ ಪರಿಸರದ ಮುದ್ರಾಶುಲ್ಕವಾಯಿತು. ಕೊನೆಗೆ 2017ರಲ್ಲಿ ಅದು ರದ್ದಾಯಿತು. ಅಷ್ಟರಲ್ಲಿ ದಾವೆ ಹೂಡಿ ಗೆದ್ದವರಿಗೆ ಹಣ ಹಿಂದಿರುಗಿಸುವುದರಲ್ಲಿಯೂ ಒಂದು ವರಸೆಯಿತ್ತು. ಬಡ್ಡಿಯನ್ನು ಅರ್ಜಿ ಕೊಟ್ಟ ದಿನದ ಮಾರನೆಯ ದಿನದಿಂದ ಲೆಕ್ಕ ಹಾಕುತ್ತೇವೆಂದು ಅಲ್ಲಿನ ಕಾನೂನು ಹೇಳಿತು. ತೆರಿಗೆ ಕಿತ್ತುಕೊಂಡ ದಿನದಿಂದ ಹಾಕಬೇಕೆಂದು 2013ರಲ್ಲಿ ಲಕ್ಸೆಂಬರ್ಗ್ ಹೇಳಿತು. ಹಣವನ್ನು ಐದು ವರ್ಷಗಳ ಕಂತುಗಳಲ್ಲಿ ಕೊಡುತ್ತೇವೆಂದು ಸರಕಾರ ಸುಗ್ರೀವಾಜ್ಞೆ ತಂದಿತು. ಅಂಥ ಏರ್ಪಾಡು ಪ್ರಜೆಯ ಹಕ್ಕನ್ನು ಬರಿದು ಮಾಡುತ್ತದೆಂದು 2016ರಲ್ಲಿ ನ್ಯಾಯಾಲಯ ಅದನ್ನೂ ತಡೆಯಿತು. ತೆರುವಾಗ ಒಂದೇ ಗಂಟು, ಮರಳಿ ಪಡೆಯುವಾಗ ಐದು ಕಂತು! ಹಳೆಯ ಕಾರೊಂದನ್ನು ತಂದವನು ಅದರ ತೆರಿಗೆಗಾಗಿ ಇಷ್ಟು ವರ್ಷ ಕಾಯಬೇಕಾದಾಗ, ಎಷ್ಟೋ ಕಾರುಗಳು ತೀರ್ಪಿಗಿಂತ ಮೊದಲೇ ಗುಜರಿ ಸೇರಿರಬೇಕು.

ಈ ಕಥೆ ನಮಗೆ ತೀರ ಪರಕೀಯವಲ್ಲ. ರೋಮ್ ಒಪ್ಪಂದಕ್ಕೆ ಏಳು ವರ್ಷ ಮೊದಲೇ, 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 304ನೆಯ ಅನುಚ್ಛೇದದಲ್ಲಿ ಇದೇ ನೀತಿ ಇದೆ. ಒಂದು ರಾಜ್ಯವು ಹೊರರಾಜ್ಯದಿಂದ ಬಂದ ಸರಕಿನ ಮೇಲೆ ತೆರಿಗೆ ಹಾಕಬಹುದು; ಆದರೆ ತನ್ನಲ್ಲಿ ತಯಾರಾದ ಅಂಥದೇ ಸರಕಿಗೂ ಹೊರಗಿನದಕ್ಕೂ ನಡುವೆ ಭೇದವೆಣಿಸಕೂಡದು. ಒಂದೇ ಮಾರುಕಟ್ಟೆಯಾಗಬೇಕೆಂದ ಯೂರೋಪಿನ ದೇಶಗಳಿಗೂ ಒಂದೇ ದೇಶವಾಗಬೇಕೆಂದ ನಮ್ಮ ಪ್ರಾಂತಗಳಿಗೂ ಒಂದೇ ಔಷಧ ಬೇಕಾಯಿತು. ನಮ್ಮ ರಾಜ್ಯದ ಮೋಟಾರು ವಾಹನ ತೆರಿಗೆಯ ಕಾನೂನೂ 1957ರದೇ. ಹೊರರಾಜ್ಯದ ಹಳೆಯ ಕಾರನ್ನು ಇಲ್ಲಿಗೆ ತಂದವರಿಗೆ, ಕಾರಿನ ವಯಸ್ಸು ಏರಿದಂತೆ ದರ ಇಳಿಯುವ ಪಟ್ಟಿಯೊಂದು ಅದರಲ್ಲಿದೆ. ಕಾರಿನೊಡನೆ ತೆರಿಗೆಯೂ ಹಳತಾಗುತ್ತದೆಂಬ ತಿಳಿವಳಿಕೆ ಇಲ್ಲಿಯೂ ಕೆಲಸ ಮಾಡಿದೆ.

ಹಾಗಾದರೆ ನಮ್ಮ ಗಾದೆ ಸುಳ್ಳಾಯಿತೇ? ಪೂರ್ತಿ ಸುಳ್ಳಾಗಲಿಲ್ಲ. ಡೆನ್ಮಾರ್ಕಿನ ಆಮದುಗಾರರು ತಮ್ಮ ದುಃಖ ಹೇಳಿಕೊಂಡರು, ಯಾರೂ ಕೇಳಲಿಲ್ಲ. ಸುಂಕದವನ ಮುಂದೆ ದುಃಖ ಹೇಳಿಕೊಂಡರೆ ಇಂದಿಗೂ ಫಲವಿಲ್ಲ. ನನ್ನ ಮುಂದಿನ ಗಾಡಿಯವನಿಂದ ಎಷ್ಟು ತೆಗೆದುಕೊಂಡೆ ಎಂದು ಕೇಳಿದವನಿಗೆ ಮಾತ್ರ ಅವನು ಉತ್ತರ ಕೊಡಲೇಬೇಕು. ಬೆಲ್ಫೋರಿನಿಂದ ಸಿಬಿಯುವರೆಗೆ ಗೆದ್ದವರೆಲ್ಲರೂ ಕೇಳಿದ್ದು ಆ ಒಂದೇ ಪ್ರಶ್ನೆಯನ್ನು. ಅದನ್ನು ಕೇಳಲು ಒಂದು ಕಾನೂನಿನ ಸಾಲು, ಅದನ್ನು ಆಲಿಸಲು ಹತ್ತಿರದ ಪಟ್ಟಣದಲ್ಲಿ ಒಬ್ಬ ನ್ಯಾಯಾಧೀಶ, ಮತ್ತು ಉತ್ತರ ಬರುವ ತನಕ ಕಾಯುವ ತಾಳ್ಮೆ ಅವರಿಗಿದ್ದವು.